ಹೂವಿನ ಫೋಟೋಕ್ಕೆ ಹೂವಿನ ಹಾರ

ನಮ್ಮ ಕಡೆಯ ಹಳೆಯ ಮನೆಗಳಿಗೆ ನೀವು ಬಂದಿದ್ದರೆ, ಚಹಾ ಬರುವವರೆಗೆ ಪಡಸಾಲೆಯಲ್ಲಿ ಕುಳಿತು ಏನು ಮಾಡಬೇಕೆಂದು ನಿಮಗೆ ಗೊತ್ತೇ ಇರುತ್ತದೆ. ತಲೆ ಎತ್ತಿ ಗೋಡೆಯ ಫೋಟೋಗಳನ್ನು ನೋಡಬೇಕು. ಅದಕ್ಕಾಗಿಯೇ ಅವನ್ನು ಎತ್ತರದಲ್ಲಿ, ಮುಂದಕ್ಕೆ ಬಾಗಿಸಿ ತೂಗುಹಾಕಿರುತ್ತಾರೆ. ಬೆಟಗೇರಿಯ ನಮ್ಮ ಮನೆಯಲ್ಲೂ ಹಾಗೆಯೇ. ಮೊದಲು ಮಠದ ಸ್ವಾಮಿಗಳು. ಆಮೇಲೆ ರುಮಾಲು ಸುತ್ತಿದ ಅಜ್ಜ, ಪಕ್ಕದಲ್ಲಿ ಅಜ್ಜನಷ್ಟೇ ಸಿಟ್ಟಿನ ಮುಖದ ಅಜ್ಜಿ. ಆಮೇಲೆ ಅಪ್ಪ ಯಾವುದೋ ಸಹಕಾರಿ ಸಂಘದ ನಿರ್ದೇಶಕನಾದಾಗ ತೆಗೆಸಿದ ಗುಂಪಿನ ಫೋಟೋ. ಅದರಲ್ಲಿ ಅಪ್ಪ ಮುಂದಿನವರ ರುಮಾಲಿನ ಹಿಂದೆ ಮುಚ್ಚಿಹೋಗಿದ್ದಾನೆ. ಕಿವಿ ನೋಡಿ ಗುರುತು ಹಿಡಿಯಬೇಕು. ಕೊನೆಗೆ ನಾನು ಬ್ಯಾಂಕಿನಿಂದ ನಿವೃತ್ತನಾದಾಗ ಕೊಟ್ಟ ಅಭಿನಂದನಾ ಪತ್ರ. ಇಷ್ಟು ಜನರ ನಡುವೆ, ನಮಗೆ ಯಾವ ರೀತಿಯಿಂದಲೂ ಸಂಬಂಧಿಕನಲ್ಲದ ಒಂದು ಹೂದಾನಿ.

ಹೂದಾನಿ ಎಂದು ಮರ್ಯಾದೆಗೆ ಅಂದೆ. ನೋಡಿದರೆ ಅದು ಮೊಸರು ಹೆಪ್ಪು ಹಾಕುವಂಥ ಮಣ್ಣಿನ ಗಡಿಗೆ. ಅದರಲ್ಲಿ ಹಿಡಿಸದಷ್ಟು ಹೂವು. ಒಂದೊಂದಾಗಿ ಎಣಿಸುವ ಹೂವಲ್ಲ. ಪುಟ್ಟಪುಟ್ಟ ಹೂಗಳ ದಟ್ಟ ಗೊಂಚಲುಗಳು. ಕೆಲವು ನೇರಳೆ, ಕೆಲವು ಬದನೆ ಹೂವಿನ ಬಣ್ಣ, ಒಂದೆರಡು ಬಿಳಿ. ಹಿಂದೊಂದು ಕಿಟಕಿ, ಮೇಜಿನ ಮೇಲೆ ಉದುರಿದ ನಾಲ್ಕಾರು ಹೂ. ಇಷ್ಟು ವರ್ಷಗಳ ಒಗ್ಗರಣೆಯ ಹೊಗೆ ಕುಡಿದು ಎಲೆಗಳ ಹಸಿರು ಈಗ ಮೆಂತ್ಯದ ಪಲ್ಯದ ಬಣ್ಣಕ್ಕೆ ಬಂದಿದೆ. ಹೂವು ಮಾತ್ರ ಅಷ್ಟು ಕೆಟ್ಟಿಲ್ಲ.

ಇದನ್ನೂ ನಾವು ಫೋಟೋ ಎಂದೇ ಕರೆಯುವುದು. ನಮ್ಮಲ್ಲಿ ಕಟ್ಟು ಹಾಕಿಸಿ ಗಾಜು ಕೂರಿಸಿದ್ದೆಲ್ಲ ಫೋಟೋ. ಫೋಟೋ ಆದಮೇಲೆ ಅದಕ್ಕೆ ಅಮಾವಾಸ್ಯೆಯ ದಿನ ವಿಭೂತಿ ಬೀಳಲೇಬೇಕು. ಅವ್ವ ಒದ್ದೆ ಬಟ್ಟೆಯಿಂದ ಎಲ್ಲ ಗಾಜು ಒರೆಸಿ, ವಿಭೂತಿಯ ಮೂರು ಬೆರಳನ್ನು ಸಾಲಾಗಿ ಎಳೆಯುತ್ತ ಹೋಗುತ್ತಿದ್ದಳು. ಸ್ವಾಮಿಗಳಿಗೆ ಎಳೆದ ಕೈ ಅಜ್ಜನಿಗೆ, ಅಜ್ಜನಿಗೆ ಎಳೆದದ್ದು ಸಹಕಾರಿ ಸಂಘದ ಆಡಳಿತ ಮಂಡಳಿಗೆ, ಅಲ್ಲಿಂದ ನೇರ ಹೂದಾನಿಗೆ. ಮಂಡಳಿಯವರಿಗಿಂತ ಹೂದಾನಿಯೇ ಅದಕ್ಕೆ ಹೆಚ್ಚು ಅರ್ಹವಾಗಿತ್ತು ಎಂದು ಅಪ್ಪನೇ ಹೇಳುತ್ತಿದ್ದ.

ಆ ಫೋಟೋ ತಂದವನು ನಮ್ಮ ಗುರುಪಾದ ಕಾಕಾ, ಅಪ್ಪನ ತಮ್ಮ. ಆಗ ರಷ್ಯಾದ ಪುಸ್ತಕಗಳನ್ನು ತುಂಬಿಕೊಂಡ ವ್ಯಾನು ಊರೂರಿಗೆ ಬರುತ್ತಿತ್ತು. ದಪ್ಪ ರಟ್ಟಿನ, ನುಣುಪು ಹಾಳೆಯ ಪುಸ್ತಕಗಳು, ಕಡಲೆ ಪುಟಾಣಿಯ ದರಕ್ಕೆ. ಅಲ್ಲಿಂದ ಬರುತ್ತಿದ್ದ ಮಾಸಪತ್ರಿಕೆಯನ್ನು ನಮ್ಮ ಓಣಿಯಲ್ಲಿ ಓದಿದವರು ಯಾರೂ ಇಲ್ಲ. ಅದರ ಹಾಳೆ ಶಾಲೆಯ ಪುಸ್ತಕಗಳಿಗೆ ಹೊದಿಕೆ ಹಾಕಲು ಪ್ರಶಸ್ತವಾಗಿತ್ತು. ನನ್ನ ಅಂಕಗಣಿತದ ಮೇಲೆ ಟ್ರ್ಯಾಕ್ಟರು ನಡೆಸುತ್ತಿದ್ದ ಒಬ್ಬ ಗಟ್ಟಿಮುಟ್ಟು ಹೆಂಗಸು ಇದ್ದಳು. ವರ್ಷವಿಡೀ ಅವಳು ನಗುತ್ತಲೇ ಇದ್ದಳು, ಒಳಗಿನ ನನ್ನ ಲೆಕ್ಕಗಳನ್ನು ಅವಳು ನೋಡುವಂತಿರಲಿಲ್ಲವಲ್ಲ. ಕಾಕಾ ಆ ವ್ಯಾನಿನಿಂದ ಒಂದು ಕ್ಯಾಲೆಂಡರು ತಂದ. ವರ್ಷ ಮುಗಿದ ಮೇಲೆ ಅದರ ಒಂದು ಹಾಳೆಯನ್ನು ಕಿತ್ತು, ಕೆಳಗಿನ ತಾರೀಖುಗಳನ್ನು ಹಿಂದಕ್ಕೆ ಮಡಚಿ, ನನ್ನನ್ನು ಸೈಕಲ್ಲಿನ ಮುಂದಿನ ದಂಡಿಗೆಯ ಮೇಲೆ ಕೂರಿಸಿಕೊಂಡು ಕಟ್ಟು ಹಾಕುವ ಹುಸೇನಸಾಬನ ಅಂಗಡಿಗೆ ಹೋದ. ಹುಸೇನಸಾಬ ಹಾಳೆಯನ್ನು ಮೇಲೆ ಕೆಳಗೆ ನೋಡಿದ.

"ಯಾವ ದೇವರ ಫೋಟೋರೀ ಇದು?"

"ದೇವರಲ್ಲೋ ಮಾರಾಯಾ, ಹೂವು."

"ಹೂವು ಅದಾವ, ಕಾಣ್ತಾವ. ಮತ್ತ ದೇವರೆಲ್ಲಿ?"

"ಇನ್ನೂ ಬಂದಿಲ್ಲ. ನೀ ಮೊದಲ ಕಟ್ಟು ಹಾಕು."

ಹುಸೇನಸಾಬ ಯಾವುದಕ್ಕೂ ಇರಲಿ ಎಂದು ಲಕ್ಷ್ಮಿ-ಸರಸ್ವತಿಯರಿಗೆ ಹಾಕುವ ಬಂಗಾರದಂಚಿನ ಕಟ್ಟನ್ನೇ ಹಾಕಿದ. ಮನೆಗೆ ತಂದಾಗ ದೊಡ್ಡ ರಾದ್ಧಾಂತ. ಅಜ್ಜನದು ಕಾಳುಕಡಿಯ ಅಡತಿ ಅಂಗಡಿ. ರಷ್ಯಾ ಎಂದರೆ ತನ್ನ ಅಂಗಡಿಯನ್ನು ಕಸಿದುಕೊಳ್ಳಲು ಹೊರಟ ದೇಶ ಎಂದು ಆತ ತಿಳಿದಿದ್ದ. ಕನ್ನಡಕ ಹಾಕಿಕೊಂಡು, ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು ಪರೀಕ್ಷಿಸಿದ. "ಕುಡುಗೋಲು ಎಲ್ಲೆರ ಐತೇನ ನೋಡೋ ಮಲ್ಯಾ, ನಿನ್ನ ಕಣ್ಣು ಚುರುಕ ಅದಾವು" ಎಂದು ನನಗೂ ತೋರಿಸಿದ. ಎಲೆಗಳ ಸಂದಿಯಲ್ಲೆಲ್ಲ ಹುಡುಕಿದೆವು. ಕುಡುಗೋಲು ಇರಲಿಲ್ಲ, ಸುತ್ತಿಗೆಯೂ ಇರಲಿಲ್ಲ. ಹಾಗಾಗಿ ಅಜ್ಜ ಪಡಸಾಲೆಯಲ್ಲಿ ಒಂದು ಮೊಳೆಗೆ ಅಪ್ಪಣೆ ಕೊಟ್ಟ.

ಆ ಮೊಳೆಯ ಎದುರಿಗೇ, ಅಡುಗೆಮನೆಯ ಬಾಗಿಲ ಪಕ್ಕ, ಚಿಗವ್ವ ಕುಳಿತುಕೊಳ್ಳುವ ಜಾಗ. ಚಿಗವ್ವ ಎಂದರೆ ಕಾಕಾನ ಹೆಂಡತಿ ನೀಲವ್ವ. ಲಕ್ಷ್ಮೇಶ್ವರದ ಹೆಣ್ಣು, ಆಗಷ್ಟೇ ಮದುವೆಯಾಗಿ ಬಂದಿದ್ದಳು. ಅಕ್ಕಿ ಹಸನು ಮಾಡುವುದು, ಬೇಳೆ ಆರಿಸುವುದು, ನಮ್ಮ ಜಡೆ ಹೆಣೆಯುವುದು, ಎಲ್ಲ ಅಲ್ಲಿಯೇ. ನಮ್ಮ ಎಂದರೆ ನನ್ನ ಅಕ್ಕಂದಿರದು. ನನಗೂ ಒಂದು ವರ್ಷ ಜಡೆ ಇತ್ತು, ಹರಕೆಯದು, ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಎರಡು ವರ್ಷ ತುಂಬುವುದರೊಳಗೆ ಕಾಕಾ ಕಾಮಾಲೆಯಾಗಿ ತೀರಿಕೊಂಡ. ಚಿಗವ್ವ ತವರಿಗೆ ಹೋಗಲಿಲ್ಲ. ಅದೇ ಜಾಗದಲ್ಲಿ ಅಕ್ಕಿ ಆರಿಸುತ್ತ ಉಳಿದಳು. ಈಗ ಅವಳಿಗೆ ಎಪ್ಪತ್ತರ ಮೇಲಾಗಿದೆ, ಮೊಣಕಾಲು ನೋವಿನಿಂದಾಗಿ ನೆಲದ ಬದಲು ಅಲ್ಲೊಂದು ಮಂಚ ಬಂದಿದೆ, ಅಷ್ಟೇ ವ್ಯತ್ಯಾಸ.

ಶುಕ್ರವಾರ ಹೂವಿನವಳು ಬರುತ್ತಿದ್ದಳು. ನಮ್ಮದು ಸೇವಂತಿಗೆಯ ಸೀಮೆ. ಹೊಲದಲ್ಲಿ ಬೆಳೆದು ಚೀಲದಲ್ಲಿ ತುಂಬಿ ಕಿಲೋ ಲೆಕ್ಕದಲ್ಲಿ ತೂಗುತ್ತೇವೆ. ಬಿಡಿ ಹೂವನ್ನು ಕೊಂಡು ಕಟ್ಟುವ ಕೆಲಸ ಚಿಗವ್ವನದು. ಅವಳಷ್ಟು ಒತ್ತಾಗಿ ಮಾಲೆ ಕಟ್ಟುವವರು ಓಣಿಯಲ್ಲಿ ಇರಲಿಲ್ಲ. ದೇವರಿಗೆ, ಬಾಗಿಲಿಗೆ, ಮದುವೆಯಾಗಿ ಹೋಗುವ ನನ್ನ ಅಕ್ಕಂದಿರ ಜಡೆಗೆ, ಬಾಣಂತಿಯರ ತೊಟ್ಟಿಲಿಗೆ, ಎಲ್ಲಕ್ಕೂ ಅವಳದೇ ಮಾಲೆ. ಕಟ್ಟಿ ಮುಗಿದ ಮೇಲೆ ಅವ್ವ ತುಂಡು ಮಾಡಿ ಹಂಚುತ್ತಿದ್ದಳು. ತಟ್ಟೆ ಎಲ್ಲ ಹೆಂಗಸರ ಮುಂದೆ ನಿಲ್ಲುತ್ತಿತ್ತು, ಚಿಗವ್ವನ ಮುಂದೆ ನಿಲ್ಲುತ್ತಿರಲಿಲ್ಲ. ಇದರಲ್ಲಿ ಯಾರಿಗೂ ವಿಶೇಷ ಕಾಣಲಿಲ್ಲ, ನನಗೂ ಕಾಣಲಿಲ್ಲ. ಗಂಡ ಸತ್ತವಳು ಹೂ ಮುಡಿಯುವುದಿಲ್ಲ ಎಂಬುದು ನಮಗೆ ಬಿಸಿಲಿನಷ್ಟೇ ಸಹಜವಾಗಿತ್ತು.

ಹೂವಿನ ಚಿತ್ರದ ವಿಷಯಕ್ಕೆ ಬಂದರೆ, ನಾನೂ ಒಂದು ಕಾಲಕ್ಕೆ ಚಿತ್ರಕಾರನಾಗುವವನಿದ್ದೆ. ಮುಂಡರಗಿಯ ಸೋದರಮಾವನ ಮನೆಯಲ್ಲಿ ಇದ್ದು ಓದಿದ ವರ್ಷ ಡ್ರಾಯಿಂಗ್ ಲೋವರ್ ಪರೀಕ್ಷೆಗೆ ಕಟ್ಟಿದ್ದೆ. ಅದರಲ್ಲಿ ಸ್ಟಿಲ್ ಲೈಫ್ ಎಂದೊಂದು ವಿಷಯ: ಎದುರಿಗೆ ಇಟ್ಟ ವಸ್ತುಗಳನ್ನು ಇದ್ದ ಹಾಗೆ ಬರೆಯುವುದು. ನಮ್ಮ ಡ್ರಾಯಿಂಗ್ ಮಾಸ್ತರರು ಸ್ಟೂಲಿನ ಮೇಲೆ ಒಂದು ತಂಬಿಗೆ, ಎರಡು ಬದನೆಕಾಯಿ, ಒಂದು ಉಳ್ಳಾಗಡ್ಡಿ ಇಡುತ್ತಿದ್ದರು. ಹೂವು ಇಡುತ್ತಿರಲಿಲ್ಲ. ಹೂವಿಟ್ಟರೆ ಗಂಟೆ ಹೊಡೆದ ಮೇಲೆ ಏನು ಮಾಡುವುದು? ಬದನೆಕಾಯಿಯಾದರೆ ಮಾಸ್ತರರ ಮನೆಯಲ್ಲಿ ಸಂಜೆಗೆ ಎಣ್ಣೆಗಾಯಿಯಾಗುತ್ತಿತ್ತು. ನಾನು ಬರೆದ ಬದನೆಕಾಯಿ ನೋಡಿ ಅವರು, "ಇದು ತಂಬಿಗಿಯೇನೋ?" ಎಂದು ಕೇಳಿದ್ದರು. ತಂಬಿಗೆಯ ಬಗ್ಗೆ ಅವರು ಏನೂ ಕೇಳಲಿಲ್ಲ. ಅಲ್ಲಿಗೆ ಕನ್ನಡ ನಾಡು ಒಬ್ಬ ಚಿತ್ರಕಾರನನ್ನು ಕಳೆದುಕೊಂಡು ಒಬ್ಬ ಕ್ಯಾಶಿಯರನನ್ನು ಪಡೆಯಿತು.

ಈ ಎಲ್ಲ ಹಳೆಯ ಸಂಗತಿ ಹಾಗೆಯೇ ಮೊಳೆಯಲ್ಲಿ ತೂಗುತ್ತಿತ್ತೇನೋ, ಹೋದ ವರ್ಷ ಹಾದಿಮನಿ ಸರ್ ಚಹಾಕ್ಕೆ ಬರದಿದ್ದರೆ. ಸರ್ ಕಾಲೇಜಿನಲ್ಲಿ ಪ್ರೊಫೆಸರ್ ಆಗಿ ನಿವೃತ್ತರಾದವರು. ಈಗ ಒಂದು ವೇದಿಕೆ ನಡೆಸುತ್ತಾರೆ. ಕಲೆ, ಸಾಹಿತ್ಯ, ಸಂಸ್ಕೃತಿ, ಪರಂಪರೆ ಎಲ್ಲ ಸೇರಿದ ಅದರ ಹೆಸರು ಬ್ಯಾನರಿನಲ್ಲಿ ಎರಡು ಸಾಲು ಹಿಡಿಯುವುದರಿಂದ ನಾವು ಸುಮ್ಮನೆ ವೇದಿಕೆ ಎನ್ನುತ್ತೇವೆ. ಅದರಲ್ಲಿ ಎಲ್ಲರೂ ಪದಾಧಿಕಾರಿಗಳು, ಸದಸ್ಯರು ಯಾರೂ ಇಲ್ಲ. ಸರ್ ಅಂದು ಚಹಾ ಬರುವವರೆಗೆ ಎಲ್ಲರಂತೆ ತಲೆ ಎತ್ತಿದರು. ಎತ್ತಿದ ತಲೆ ಇಳಿಸಲಿಲ್ಲ. ಮೊಬೈಲು ತೆಗೆದು ಹೂದಾನಿಯ ಚಿತ್ರ ಹಿಡಿದರು, ಇದು ಏನೆಂದು ಮೊಬೈಲನ್ನೇ ಕೇಳಿದರು. ಮೊಬೈಲು ಏನೋ ಹೇಳಿತು.

"ಮಲ್ಲಣ್ಣಾರ! ಇದು ಲೈಲ್ಯಾಕ್ ರೀ! ರಷ್ಯಾದ ಲೈಲ್ಯಾಕ್! ಸ್ಟಿಲ್ ಲೈಫ್!"

"ಹೌದ್ರೀ?" ಎಂದೆ. ಸ್ಟಿಲ್ ಲೈಫ್ ಎಂದ ಕೂಡಲೇ ನನಗೆ ಬದನೆಕಾಯಿ ನೆನಪಾಗಿತ್ತು.

"ಇದನ್ನ ಬರದಾವ ದೊಡ್ಡ ಕಲಾವಿದ ರೀ. ಎಷ್ಟ ವರ್ಷದಿಂದ ಐತಿ ನಿಮ್ಮ ಮನಿಯಾಗ?"

"ನಾ ಸಣ್ಣಾವ ಇದ್ದಾಗಿಂದ ಐತ್ರೀ."

"ಮತ್ತ ಒಬ್ಬರಿಗೂ ಹೇಳಿಲ್ಲಲ್ರೀ!"

"ಗ್ವಾಡಿ ಮ್ಯಾಲ ಐತಲ್ರೀ ಸರ್. ಬಂದವರಿಗೆಲ್ಲಾ ಕಾಣ್ತೈತಿ."

ಸರ್ ನನ್ನನ್ನು ಮರುಕದಿಂದ ನೋಡಿದರು. ಆಮೇಲೆ ಆ ದೇಶದ ವಿಷಯ ಹೇಳಿದರು. ಅಲ್ಲಿ ಅರ್ಧ ವರ್ಷ ಹಿಮವಂತೆ. ಹಿಮ ಕರಗಿ ಈ ಹೂವು ಬಿಟ್ಟಿತೆಂದರೆ ಚಿತ್ರಕಾರರು ರಾಜರ ಚಿತ್ರ, ಯುದ್ಧದ ಚಿತ್ರ ಎಲ್ಲ ಬದಿಗಿಟ್ಟು, ಮುರಿದು ತಂದ ಗೊಂಚಲುಗಳನ್ನು ಸಿಕ್ಕ ಪಾತ್ರೆಯಲ್ಲಿಟ್ಟು ಕಿಟಕಿಯ ಬಳಿ ಬರೆಯುತ್ತ ಕೂರುತ್ತಾರಂತೆ. ಸಾಮಾನ್ಯವಾಗಿ ಒಂದು ಹೂವಿಗೆ ನಾಲ್ಕೇ ಎಸಳು. ಐದೆಸಳಿನದು ಸಿಕ್ಕರೆ ಅದೃಷ್ಟವಂತೆ, ಸಿಕ್ಕವರು ಅದನ್ನು ತಿಂದೇಬಿಡುತ್ತಾರಂತೆ. ಕಿಲೋ ಲೆಕ್ಕದಲ್ಲಿ ಹೂ ತೂಗುವ ನಾಡಿನವನಾದ ನನಗೆ ಇದೆಲ್ಲ ಕೇಳಿ ಸಂತೋಷವಾಯಿತು. ಆದರೂ ಸತ್ಯ ಹೇಳಬೇಕೆನಿಸಿ, "ಸರ್, ಇದು ಕ್ಯಾಲೆಂಡರಿನ ಹಾಳಿ ರೀ. ಕೆಳಗ ತಾರೀಖ ಮಡಚ್ಯಾರ" ಎಂದೆ.

"ಅದನ್ನ ಈಗ ಹೇಳಾಕ ಹೋಗಬ್ಯಾಡ್ರಿ" ಎಂದರು ಸರ್. "ಕಲಾಕೃತಿ ಅಂದ್ರ ಸಾಕು. ಕ್ಯಾಲೆಂಡರಿನಾಗಿಂದು ಕಲಾಕೃತಿ ಅಲ್ಲೇನು? ಒಂದ ಕಾರ್ಯಕ್ರಮ ಇಟ್ಕೊಳ್ಳೋಣು. ನಿಮಗೊಂದು ಸನ್ಮಾನ."

ಸನ್ಮಾನ ಎಂಬ ಮಾತು ಕಿವಿಗೆ ಬಿದ್ದೊಡನೆ ಮಡಚಿದ ತಾರೀಖುಗಳ ನೆನಪು ನನಗೆ ಮಸುಕಾಗತೊಡಗಿತು. ನೋಡಿ, ಮುದ್ರಣಕ್ಕೆ ಹೆಸರಾದ ಗದಗ-ಬೆಟಗೇರಿ ಜೋಡಿ ಊರು ನಮ್ಮದು. ಅಚ್ಚಿನ ಶಾಯಿಯ ವಾಸನೆ ಕುಡಿದೇ ಬೆಳೆದಿದ್ದೇವೆ. ಅಂಥ ಊರಿನಲ್ಲಿ ಒಂದು ಅಚ್ಚಾದ ಹಾಳೆಯನ್ನು ಕುಂಚದಿಂದ ಬರೆದದ್ದೆಂದು ನಂಬಿಸುವ ಕೆಲಸಕ್ಕೆ ನಾನೂ ಕೈಹಚ್ಚಿದೆ. ಬ್ಯಾಂಕಿನಲ್ಲಿ ಖೋಟಾ ನೋಟು ಹಿಡಿಯುವುದೇ ನನ್ನ ಕೆಲಸವಾಗಿತ್ತು ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ವಾರದೊಳಗೆ ಸ್ಥಳೀಯ ಪತ್ರಿಕೆಯಲ್ಲಿ ಸುದ್ದಿ ಬಂತು: "ಬೆಟಗೇರಿಯ ಮನೆಯಲ್ಲಿ ರಷ್ಯಾದ ಅಪರೂಪದ ಕಲಾಕೃತಿ". ಸುದ್ದಿಯ ಜೊತೆ ಚಿತ್ರವೂ ಇತ್ತು, ನನ್ನದು. ಅಲ್ಲಿಂದ ಜನ ಬರತೊಡಗಿದರು. ಅಷ್ಟು ವರ್ಷ ಅದರ ಕೆಳಗೇ ಕುಳಿತು ಚಹಾ ಕುಡಿದವರು ಕೂಡ ಈಗ ಅದನ್ನು ನೋಡಲೆಂದೇ ಬಂದರು. ಕಳಸಾಪುರದ ನಮ್ಮ ಬೀಗರು ದೂರದಿಂದಲೇ, "ಇದು ಹೆಬ್ಬೇವಿನ ಹೂವು. ನಮ್ಮ ಹೊಲದ ಬದುವಿನಾಗ ರಗಡ ಅದಾವ" ಎಂದು ತೀರ್ಪು ಕೊಟ್ಟರು. ಚಹಾ ಮುಗಿಯುವವರೆಗೂ ತೀರ್ಪು ಬದಲಿಸಲಿಲ್ಲ. ಶಿರಹಟ್ಟಿಯಿಂದ ಬಂದ ನನ್ನ ತಂಗಿಯ ಮನೆಯವರಿಗೆ ಐದೆಸಳಿನ ಸುದ್ದಿ ಹೇಗೋ ಮುಟ್ಟಿತ್ತು. ಮಗಳಿಗೆ ಗಂಡು ಗೊತ್ತಾಗಲೆಂದು ಕುರ್ಚಿ ಹತ್ತಿ ಗಾಜಿಗೆ ಮೂಗು ಹಚ್ಚಿ ಹುಡುಕಿದರು. ಅದನ್ನು ನೋಡಿ ಪಕ್ಕದ ಮನೆಯವರು, ಅವರನ್ನು ನೋಡಿ ಪರೀಕ್ಷೆಗೆ ಕಟ್ಟಿದವರು, ಹೀಗೆ ಕುರ್ಚಿಗೆ ಪಾಳಿ ಹತ್ತಿತು. ಎಸಳು ಎಣಿಸುವವರೆಲ್ಲ ಗಾಜಿನ ಮೇಲೆ ಮೂಗಿನ ಎಣ್ಣೆ ಬಿಟ್ಟು ಹೋಗುತ್ತಿದ್ದರು. ಅವರು ಹೋದಮೇಲೆ ಚಿಗವ್ವ ಮೊಣಕಾಲು ಹಿಡಿದುಕೊಂಡು ಎದ್ದು, ನನ್ನ ಹೆಂಡತಿ ಶೈಲಾಳ ಹೆಗಲಿಗೆ ಆತು ಕುರ್ಚಿ ಹತ್ತಿ, ಸೆರಗಿನಿಂದ ಗಾಜು ಒರೆಸುತ್ತಿದ್ದಳು.

ಕಾರ್ಯಕ್ರಮಕ್ಕೆ ಫೋಟೋ ಒಯ್ಯಲು ಹಾದಿಮನಿ ಸರ್ ಬಂದಾಗ ಚಿಗವ್ವ ಮಂಚದಿಂದಲೇ, "ಅದನ್ನ ಒಯ್ಯೂದು ಬ್ಯಾಡ" ಎಂದಳು.

ಎಲ್ಲರೂ ನಕ್ಕೆವು. ವಯಸ್ಸಾದವರ ಮಾತಿಗೆ ನಾವು ಮೊದಲು ನಗುತ್ತೇವೆ.

"ನಾಲ್ಕ ದಿನಾ ಅಷ್ಟ ಚಿಗವ್ವ. ಕಾರ್ಯಕ್ರಮ ಆದಮ್ಯಾಲ ವಾಪಸ ತರ್ತೀನಿ" ಎಂದೆ.

"ನಾ ದಿನಾ ನೋಡ್ತೀನಲೇ ಅದನ್ನ."

"ಎಷ್ಟ ವರ್ಷ ನೋಡೀದಿ. ಊರ ಮಂದಿನೂ ನೋಡ್ಲಿ ಒಂದಿಷ್ಟು."

"ಊರ ಮಂದಿಗೆ ಬ್ಯಾರೆ ಹೂವು ಇಲ್ಲೇನು?" ಎಂದಳು. ನಾನು ಅದಕ್ಕೂ ನಕ್ಕೆ. ಆಗಲೇ ಸರ್ ಫೋಟೋವನ್ನು ಇಳಿಸಿ ಹಳೆಯ ಧೋತರದಲ್ಲಿ ಸುತ್ತುತ್ತಿದ್ದರು. ಗೋಡೆಯಲ್ಲಿ ಅದರ ಅಳತೆಯ ಒಂದು ಬಿಳಿ ಚೌಕ ಉಳಿಯಿತು. ಚಿಗವ್ವ ಅಂದು ಸಂಜೆ ಮಂಚದ ಮೇಲೆ ಆ ಕಡೆಗೆ ಬೆನ್ನು ಮಾಡಿ ಕುಳಿತಿದ್ದಳು. ಶೈಲಾ ನನಗೆ, "ಅತ್ತಿಯವರಿಗೆ ಮನಸ್ಸಿಲ್ಲರೀ, ಬಿಟ್ಟಬಿಡ್ರಿ ಆ ಸನ್ಮಾನ" ಎಂದಳು. ಶಾಲು ಯಾವ ಬಣ್ಣದ್ದಿರಬಹುದೆಂದು ನಾನು ಯೋಚಿಸುತ್ತಿದ್ದೆ.

ಕಾರ್ಯಕ್ರಮದ ದಿನ ಮೂವರೂ ಹೋದೆವು. ಚಿಗವ್ವ ತಾನಾಗಿಯೇ ಹೊರಟಳು. ಬಾಗಿಲಲ್ಲಿ ಜರಿ ಸೀರೆಯ ಇಬ್ಬರು ಹೆಂಗಸರು ಪನ್ನೀರು ಚಿಮುಕಿಸಿ, ಕುಂಕುಮ ಹಚ್ಚಿ, ಬಂದ ಹೆಂಗಸರಿಗೆಲ್ಲ ಮಲ್ಲಿಗೆಯ ತುಂಡು ಕೊಡುತ್ತಿದ್ದರು. ಶೈಲಾಳಿಗೆ ಮಲ್ಲಿಗೆ ಕೊಟ್ಟರು. ಚಿಗವ್ವನ ಹಣೆ ನೋಡಿ, "ಬರ್ರಿ ಅವ್ವಾರ, ಮುಂದ ಕುಂಡ್ರಿ" ಎಂದು ಬಹಳ ಗೌರವದಿಂದ ಕೈ ಮುಗಿದರು. ನಾನು ವೇದಿಕೆ ಹತ್ತಿದೆ.

ಹತ್ತಿ ನೋಡಿದರೆ ನಮ್ಮ ಫೋಟೋ ಬಿಳಿ ಬಟ್ಟೆ ಹೊದಿಸಿದ ಕುರ್ಚಿಯ ಮೇಲೆ ಕುಳಿತಿದೆ. ಕೊರಳಿಗೆ ದಪ್ಪ ಚೆಂಡುಹೂವಿನ ಹಾರ. ಮುಂದೆ ಊದಿನಕಡ್ಡಿ. ಯಾರೂ ಹೇಳಿ ಮಾಡಿಸಿದ್ದಲ್ಲ. ವೇದಿಕೆಯ ಮೇಲೆ ಫೋಟೋ ಬಂತೆಂದರೆ ಅದಕ್ಕೆ ಹಾರ ಹಾಕುವುದು ನಮ್ಮ ಕೈಗಳಿಗೆ ರೂಢಿಯಾಗಿದೆ, ತಲೆಯ ಅಪ್ಪಣೆಗೆ ಅವು ಕಾಯುವುದಿಲ್ಲ. ಹಾರ ಎಷ್ಟು ದಪ್ಪವಿತ್ತೆಂದರೆ ಹೂದಾನಿಯ ಬುಡದ ಹೊರತು ಏನೂ ಕಾಣುತ್ತಿರಲಿಲ್ಲ. ಅಷ್ಟರಲ್ಲಿ ನಿರೂಪಕರು, "ಈಗ ಗಣ್ಯರಿಂದ ಪುಷ್ಪನಮನ" ಎಂದರು. ಗಣ್ಯರು ಸಾಲಾಗಿ ನಿಂತರು. ಮುಖ್ಯ ಅತಿಥಿಗಳಾಗಿ ಬಂದಿದ್ದ ಯಾವುದೋ ಇಲಾಖೆಯ ಸಾಹೇಬರು ಚಪ್ಪಲಿ ಬಿಟ್ಟು, ಎರಡು ಹಿಡಿ ಗುಲಾಬಿ ಎಸಳು ಫೋಟೋದ ಮೇಲೆ ಸುರಿದು, ಕಣ್ಣು ಮುಚ್ಚಿ ನಿಂತು, ಪಕ್ಕದಲ್ಲಿದ್ದ ನನಗೆ ತಗ್ಗಿದ ದನಿಯಲ್ಲಿ ಕೇಳಿದರು:

"ತೀರ್ಕೊಂಡು ಎಷ್ಟ ದಿನಾ ಆತ್ರೀ?"

"ಭಾಳ ವರ್ಷ ಆತ್ರೀ" ಎಂದೆ. ಚಿತ್ರಕಾರನನ್ನು ಲೆಕ್ಕ ಹಿಡಿದರೆ ಅದು ಸುಳ್ಳಲ್ಲ. ಸಾಹೇಬರು ನನ್ನ ಭುಜ ತಟ್ಟಿ ಸಮಾಧಾನ ಹೇಳಿದರು.

ಭಾಷಣಗಳಾದವು. ಯಾರಿಗೂ ಚಿತ್ರ ಕಾಣುತ್ತಿರಲಿಲ್ಲವಾದ್ದರಿಂದ ಎಲ್ಲರೂ ಅದರ ಬಗ್ಗೆ ನಿರಾತಂಕವಾಗಿ ಮಾತಾಡಿದರು. ಒಬ್ಬರು ರಷ್ಯಾಕ್ಕೂ ಗದಗಿಗೂ ಇರುವ ಪ್ರಾಚೀನ ಸಂಬಂಧವನ್ನು ಬಿಚ್ಚಿಟ್ಟರು. ಅಲ್ಲಿಯೂ ಗಾಳಿ ಜೋರಂತೆ, ಇಲ್ಲಿಯೂ ಜೋರು. ಇನ್ನೊಬ್ಬರು ಆ ಬಣ್ಣಗಳ ಆಧ್ಯಾತ್ಮಿಕತೆಯನ್ನು ವಿವರಿಸಿದರು, ಚೆಂಡುಹೂವಿನ ಹಾರದ ಕಡೆಗೆ ಕೈ ತೋರುತ್ತ. ಹೂವು ಬಾಡುತ್ತದೆ, ಕಲೆ ಬಾಡುವುದಿಲ್ಲ ಎಂದು ಮೂವರು ಹೇಳಿದರು. ಮೂವರಿಗೂ ಚಪ್ಪಾಳೆ ಬಿತ್ತು.

ಆಮೇಲೆ ನನ್ನ ಸನ್ಮಾನ. ಸನ್ಮಾನವಾಗುವಾಗ ಮನುಷ್ಯ ಎಷ್ಟು ನಿಸ್ಸಹಾಯಕನಾಗುತ್ತಾನೆಂದು ಆದವರಿಗೇ ಗೊತ್ತು. ತಲೆಗೆ ಪೇಟ ಇಟ್ಟರು, ಅದು ಹುಬ್ಬಿನವರೆಗೆ ಇಳಿಯಿತು. ಶಾಲು ಹೊದಿಸಿದರು, ಬಣ್ಣ ಕೆಂಪು, ಸದ್ಯ ಅಜ್ಜ ಇರಲಿಲ್ಲ. ಒಂದು ಕೈಗೆ ಹಣ್ಣಿನ ಬುಟ್ಟಿ, ಇನ್ನೊಂದಕ್ಕೆ ನೆನಪಿನ ಕಾಣಿಕೆ. ಹೀಗೆ ನನ್ನನ್ನು ನಾಲ್ಕೂ ಕಡೆಯಿಂದ ಕಟ್ಟಿಹಾಕಿದ ಮೇಲೆ ಹಾದಿಮನಿ ಸರ್ ಮೈಕಿನಲ್ಲಿ, "ಶ್ರೀಯುತರು ಈ ಅಪೂರ್ವ ಕಲಾಕೃತಿಯನ್ನು ನಮ್ಮ ವೇದಿಕೆಗೆ ಶಾಶ್ವತವಾಗಿ ದಾನ ಮಾಡಿದ್ದಾರೆಂದು ತಿಳಿಸಲು ಹರ್ಷಿಸುತ್ತೇನೆ" ಎಂದರು.

"ಸರ್, ನಾಲ್ಕ ದಿನಾ ಅಂದಿದ್ವಿ" ಎಂದೆ. ಚಪ್ಪಾಳೆಯಲ್ಲಿ ನನಗೇ ಅದು ಕೇಳಿಸಲಿಲ್ಲ.

ಪೇಟದ ಅಂಚಿನ ಕೆಳಗಿನಿಂದ ನೋಡುತ್ತೇನೆ, ಮುಂದಿನ ಸಾಲಿನಲ್ಲಿ ಚಿಗವ್ವ ಎದ್ದಿದ್ದಾಳೆ. ಶೈಲಾ ಅವಳ ತೋಳು ಹಿಡಿದಿದ್ದಾಳೆ, ತಡೆಯಲು ಎಂದುಕೊಂಡೆ. ಅಲ್ಲ, ಮೆಟ್ಟಿಲು ಹತ್ತಿಸಲು. ಹಿರಿಯರೊಬ್ಬರು ಆಶೀರ್ವದಿಸಲು ಬರುತ್ತಿದ್ದಾರೆಂದು ಚಪ್ಪಾಳೆ ಇನ್ನೂ ಜೋರಾಯಿತು. ಸರ್ ಮೈಕನ್ನು ಅವಳ ಮುಂದೆ ಹಿಡಿದರು. ಅವಳು ಅದರ ಕಡೆ ನೋಡಲಿಲ್ಲ.

"ಮಲ್ಯಾ, ಆ ಹಾರ ತಗಿ. ಹೂವು ಕಾಣವಲ್ದು."

ನಾನು ತುಂಬಿದ ಎರಡೂ ಕೈ ತೋರಿಸಿದೆ. ಅವಳೇ ಬಗ್ಗಿ ಹಾರ ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದಳು. ಗುಲಾಬಿ ಎಸಳುಗಳನ್ನು ಕೊಡವಿದಳು. ಸೆರಗಿನಿಂದ ಗಾಜು ಒರೆಸಿದಳು. ಸಭೆಗೆ ಆಗ ಮೊದಲ ಸಲ ಆ ಹೂವು ಕಂಡಿತು.

"ಅವ್ವಾರ, ಇದು ಇನ್ನ ಮ್ಯಾಲ ಸಮಾಜದ ಆಸ್ತಿ ರೀ" ಎಂದರು ಸರ್, ನಗುತ್ತಲೇ. "ನಿಮಗ ಬೇಕಾರ ಬ್ಯಾರೆ ಹೂವಿನ ಫೋಟೋ ತರಿಸಿಕೊಡ್ತೀವಿ."

ಚಿಗವ್ವ ಅವರತ್ತ ತಿರುಗಿದಳು. ಮೈಕು ಇನ್ನೂ ಅಲ್ಲಿಯೇ ಇತ್ತು.

"ಇದನ್ನ ನಮ್ಮ ಮನಿಯವರು ನನಗ ತಂದದ್ರೀ ಮಾಸ್ತರ. ಆಗ ಮನಿ ತುಂಬ ಹಿರೇರು. ಹೇಣ್ತಿಗೆ ಒಂದ ಮೊಳ ಹೂವು ತಂದು ಎಲ್ಲಾರ ಮುಂದ ಕೈಯಾಗ ಕೊಡೂದಂದ್ರ ನಾಚಿಕಿ. ಅದಕ್ಕ ಗ್ವಾಡಿಗೆ ತಂದ ಹಾಕಿದ್ರು. 'ನಿನ್ನ ಜಾಗಾದ ಎದರಿಗೆ ಹಾಕೇನಿ, ನೋಡ್ಕೋತ ಕುಂಡ್ರು' ಅಂದ್ರು. ಅವರು ಹೋದ ದಿನಾ ನನ್ನ ತಲಿಯಾಗಿನ ಹೂವು ತಗದ್ರು. ಗ್ವಾಡಿ ಮ್ಯಾಲಿನ ಹೂವು ತಗೀಬೇಕಂತ ಒಬ್ಬರಿಗೂ ಹೊಳೀಲಿಲ್ಲ. ಈಗ ನೀವು ಬಂದೀರಿ ನೋಡ್ರಿ, ತಗ್ಯಾಕ."

ಹಾದಿಮನಿ ಸರ್ ಕೆಟ್ಟವರಲ್ಲ; ಮೈಕು ಇಳಿಸಿ ಕೈಯಲ್ಲಿದ್ದ ಕಾರ್ಯಕ್ರಮದ ಪಟ್ಟಿ ನೋಡಿದರು, ಮುಂದೆ ವಂದನಾರ್ಪಣೆ ಇತ್ತು. ನನಗೆ ಅಲ್ಲಿಯೇ ನೆಲಕ್ಕೆ ಇಳಿದುಹೋಗಬೇಕೆನಿಸುವಷ್ಟು ನಾಚಿಕೆಯಾಯಿತು. ದಿನಾಲೂ ಆ ಫೋಟೋದ ಕೆಳಗೆ ಕುಳಿತು ಪತ್ರಿಕೆ ಓದಿದವನು ನಾನು. ಹಣ್ಣಿನ ಬುಟ್ಟಿಯನ್ನೂ ನೆನಪಿನ ಕಾಣಿಕೆಯನ್ನೂ ಸಾಹೇಬರ ಮಡಿಲಿಗೆ ಇಟ್ಟು, ಫೋಟೋ ಎತ್ತಿಕೊಂಡು, ಪೇಟ ತೆಗೆಯಲೂ ನೆನಪಾಗದೆ ಚಿಗವ್ವನ ಹಿಂದೆ ಮೆಟ್ಟಿಲಿಳಿದೆ.

ಆಟೋದಲ್ಲಿ ಚಿಗವ್ವ ನಡುವೆ ಕುಳಿತು ಫೋಟೋವನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡಳು. ಸ್ವಲ್ಪ ದೂರ ಹೋದಮೇಲೆ ಶೈಲಾ ತನ್ನ ಮುಡಿಯಲ್ಲಿದ್ದ ಮಲ್ಲಿಗೆಯನ್ನು ತೆಗೆದು ನಡುವೆ ಹರಿದಳು.

"ಅತ್ತೀ, ತಲಿ ಈ ಕಡೆ ಮಾಡ್ರಿ ಸ್ವಲ್ಪ."

ಚಿಗವ್ವ ಬೇಡ ಎನ್ನುತ್ತಾಳೆಂದುಕೊಂಡೆ. ಅವಳು ಸೆರಗು ಸರಿಸಿ ತಲೆ ತಿರುಗಿಸಿದಳು. ನಿಂಬೆಹಣ್ಣಿನಷ್ಟು ಸಣ್ಣ ತುರುಬು. ಶೈಲಾ ಸಿಕ್ಕಿಸಿದಳು, ಜಾರಿತು. ಮತ್ತೆ ಸಿಕ್ಕಿಸಿದಳು, ಆಟೋ ಒಂದು ತಗ್ಗಿಗೆ ಇಳಿದಾಗ ಮತ್ತೆ ಜಾರಿ ಹೆಗಲ ಮೇಲೆ ಬಿತ್ತು. ಚಿಗವ್ವನಿಗೆ ನಗು ಬಂತು.

"ಭಾಳ ತಡಾ ಮಾಡಿದ್ರಿ ಯವ್ವಾ. ಹೂವು ನಿಂದ್ರಾಕ ಕೂದಲರ ಎಲ್ಲಿ ಉಳದಾವ?"

ಶೈಲಾ ತನ್ನ ತಲೆಯಿಂದ ಎರಡು ಪಿನ್ನು ಕಿತ್ತು ಹಲ್ಲಿನಲ್ಲಿ ಕಚ್ಚಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದಳು. ಚಿಗವ್ವ ಎರಡೂ ಕೈಯಿಂದ ಫೋಟೋ ಹಿಡಿದು, ಕತ್ತು ಬಗ್ಗಿಸಿ, ಅಲುಗಾಡದೆ ಕುಳಿತಿದ್ದಳು.